ಯಾರ ದನ, ಯಾರ ನಾಯಿ?

ನಮ್ಮ ಕಡೆ ಬಹಳ ದಿನದ ಮೇಲೆ ಸಿಕ್ಕವರ ಕ್ಷೇಮ ವಿಚಾರಿಸುವಾಗ "ಮಕ್ಕಳು ಮರಿ, ದನ ಕರು ಎಲ್ಲ ಚೆನ್ನಾಗಿವೆಯಾ?" ಎಂದು ಒಂದೇ ಉಸಿರಿನಲ್ಲಿ ಕೇಳುವ ಪದ್ಧತಿಯಿತ್ತು. ಕೊಟ್ಟಿಗೆಯಲ್ಲಿದ್ದದ್ದೂ ಮನೆಯ ಲೆಕ್ಕಕ್ಕೇ ಸೇರುತ್ತಿತ್ತು. ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಾ ಕೂತ ನಾಯಿ, ಒಲೆಯ ಪಕ್ಕದ ಬೆಕ್ಕು ಇವು ಲೆಕ್ಕಕ್ಕೆ ಸೇರದಿದ್ದರೂ ಊಟದ ಹೊತ್ತಿಗೆ ತಪ್ಪದೆ ಹಾಜರಿರುತ್ತಿದ್ದವು.

ಊರು ಪಟ್ಟಣವಾಗಿ, ಪಟ್ಟಣ ನಗರವಾದಂತೆ ಈ ಲೆಕ್ಕ ಮನೆಯಿಂದ ಕಚೇರಿಗೆ ಹೋಯಿತು. ಮನೆಯ ಲೆಕ್ಕಕ್ಕೂ ಕಚೇರಿಯ ಲೆಕ್ಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮನೆಯಲ್ಲಿ ಕೇಳುವ ಪ್ರಶ್ನೆ, "ಇದಕ್ಕೆ ಯಾರಾದರೂ ಏನಾದರೂ ಹಾಕಿದರಾ?" ಎಂದು. ಕಚೇರಿ ಕೇಳುವುದು, "ಇದು ಯಾರದು?" ಎಂದು. ನಗರದಲ್ಲಿ ಪ್ರಾಣಿಗಳನ್ನು ಸಾಕುವುದರ ಬಗ್ಗೆ ಸುಮಾರು ಇನ್ನೂರು ವರ್ಷಗಳಿಂದ ಬಂದ ನಿಯಮಗಳನ್ನು ಓದುತ್ತಾ ಹೋದರೆ, ಅವೆಲ್ಲವೂ ಈ ಎರಡನೆಯ ಪ್ರಶ್ನೆಯ ಸುತ್ತಲೇ ತಿರುಗುತ್ತಿರುವುದು ಕಾಣುತ್ತದೆ. ಮೊದಲನೆಯ ಪ್ರಶ್ನೆ ಮಾತ್ರ ಯಾವಾಗಲೂ ನಮ್ಮ ಪಾಲಿಗೇ, ಎಂದರೆ ಮನೆಯ ಹೆಂಗಸರ ಪಾಲಿಗೇ, ಉಳಿದುಬಿಟ್ಟಿದೆ.

ಮೊದಲು ದನದ ವಿಷಯ ನೋಡೋಣ. ಬ್ರಿಟಿಷರು 1871ರಲ್ಲಿ ದನಗಳ ಅತಿಕ್ರಮ ಪ್ರವೇಶದ ಕಾಯಿದೆಯೊಂದನ್ನು ತಂದರು. ಆಗ ಮೈಸೂರು ಸೀಮೆಯೂ ಅವರ ಕಮಿಷನರ ಆಡಳಿತದಲ್ಲೇ ಇತ್ತು. ಕಂಡವರ ಹೊಲಕ್ಕೆ ನುಗ್ಗಿದ, ಸಾರ್ವಜನಿಕ ರಸ್ತೆಯಲ್ಲಿ ಅಲೆಯುತ್ತಿದ್ದ ದನಗಳನ್ನು ಹಿಡಿದು ಕೂಡಿಹಾಕುವುದು ಅದರ ಉದ್ದೇಶ. ಕೂಡಿಹಾಕುವ ಜಾಗವನ್ನು ಹಳೆಯ ಮೈಸೂರಿನವರು ಬಂದೀದೊಡ್ಡಿ ಎಂದರು, ಧಾರವಾಡದ ಕಡೆಯವರು ಕೊಂಡವಾಡ ಎಂದರು. ಆ ಕಾಯಿದೆಯಲ್ಲಿ ದಂಡದ ಪಟ್ಟಿಯೊಂದಿದೆ. ಆನೆಗೆ 2 ರೂಪಾಯಿ. ಒಂಟೆಗೆ, ಎಮ್ಮೆಗೆ 8 ಆಣೆ. ಕುದುರೆಗೆ, ಎತ್ತಿಗೆ, ಹಸುವಿಗೆ 4 ಆಣೆ. ಕರು, ಕತ್ತೆ, ಹಂದಿಗೆ 2 ಆಣೆ. ಕುರಿ, ಮೇಕೆಗೆ 1 ಆಣೆ. ಕಾಯಿದೆಯ ಕಣ್ಣಿನಲ್ಲಿ ಆನೆಯೂ ದನವೇ! ಎಮ್ಮೆಯ ಅಪರಾಧ ಹಸುವಿನ ಅಪರಾಧಕ್ಕಿಂತ ಎರಡರಷ್ಟು ದೊಡ್ಡದು! ನಾಯಿಯೂ ಬೆಕ್ಕೂ ಆ ಪಟ್ಟಿಯಲ್ಲೇ ಇಲ್ಲ. ಅವನ್ನು ಹಿಡಿದರೆ ಬಿಡಿಸಿಕೊಳ್ಳಲು ದುಡ್ಡು ಕೊಡುವವರು ಯಾರಿದ್ದರು?

ದಂಡದ ಮೇಲೆ ಮೇವು ನೀರಿನ ಖರ್ಚು ಬೇರೆ. ಏಳು ದಿನದೊಳಗೆ ಯಾರೂ ಬರದಿದ್ದರೆ ದೊಡ್ಡಿಯವನು ಮೇಲಕ್ಕೆ ವರದಿ ಮಾಡಬೇಕು. ಊರಿನಲ್ಲಿ ಜಾಹೀರು ಮಾಡಬೇಕು. ಮತ್ತೆ ಏಳು ದಿನ ಕಾಯಬೇಕು. ಆಮೇಲೂ ವಾರಸುದಾರರು ಬರದಿದ್ದರೆ ಹರಾಜು. ಅಂದರೆ ಹದಿನಾಲ್ಕು ದಿನ ದನಕ್ಕೆ "ನೀನು ಯಾರದು?" ಎಂದು ಕೇಳುತ್ತಲೇ ಇರುವ ಏರ್ಪಾಡು ಅದು. ಕರ್ನಾಟಕಕ್ಕೆ ಇದೇ ವಿಷಯದಲ್ಲಿ 1966ರಲ್ಲಿ ತನ್ನದೇ ಆದ ಕಾಯಿದೆ ಬಂತು. ಬಂದೀದೊಡ್ಡಿಗಳು ಮಾತ್ರ ಹಾಗೆಯೇ ಇದ್ದವು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ದೊಡ್ಡಿಯ ಗೋಡೆಯಾಚೆಯಿಂದ ಸಂಜೆ ಹೊತ್ತು ಕರೆಯುವ ಹಸುವಿನ ಅಂಬಾ ಎರಡು ಬೀದಿ ದಾಟಿ ಕೇಳುತ್ತಿತ್ತು. ಹಾಲು ಕರೆಯುವ ಹೊತ್ತಾಗಿ ಕೆಚ್ಚಲು ಬಿಗಿದ ಹಸುವಿಗೆ ಕಚೇರಿಯ ವೇಳೆ ಹೇಗೆ ಗೊತ್ತಾಗಬೇಕು? ದುಡ್ಡು ಕೊಟ್ಟು ಬಿಡಿಸಿಕೊಂಡು ಬರಲು ಗಂಡಸರು ಹೋಗುತ್ತಿದ್ದರು. ಅದು ಬಂದ ಮೇಲೆ ಮೈ ತೊಳೆದು, ಬಿಸಿ ನೀರಿನಲ್ಲಿ ಬೂಸ ಕಲಸಿಟ್ಟು ಸಮಾಧಾನ ಹೇಳುತ್ತಿದ್ದವರು ಹೆಂಗಸರು.

ಅದಕ್ಕೂ ಹಿಂದಿನ ಎರಡು ಕಾನೂನುಗಳನ್ನು ಹೇಳಬೇಕು. 1860ರ ದಂಡಸಂಹಿತೆಯ 289ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳ ಸಜೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ. 1860ರಲ್ಲಿ ಸಾವಿರ ರೂಪಾಯಿ ಎಂದರೆ ಮನೆ ಮಠ ಮಾರುವ ಮಾತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇದೇ ನಿಯಮ 291ನೆಯ ಕಲಮಾಗಿದೆ. ದಂಡ ಐದು ಸಾವಿರದವರೆಗೆ ಏರಿದೆ. ಇನ್ನೊಂದು 1861ರ ಪೊಲೀಸ್ ಕಾಯಿದೆ. ಪಟ್ಟಣದ ರಸ್ತೆಯಲ್ಲಿ ದನ ಕಡಿಯುವುದು, ಕುದುರೆಯನ್ನು ಅಡ್ಡಾದಿಡ್ಡಿ ಓಡಿಸುವುದು, ಪ್ರಾಣಿಯನ್ನು ಕ್ರೂರವಾಗಿ ಹೊಡೆಯುವುದು ಎಲ್ಲವನ್ನೂ ಅದು ಒಂದೇ ಸಾಲಿನಲ್ಲಿ ಅಪರಾಧವೆಂದು ಎಣಿಸಿತು. ಕುದುರೆಗೆ ಬಿದ್ದ ಪೆಟ್ಟೂ ದಾರಿಗೆ ಬಂದ ಅಡ್ಡಿಯೂ ಅದಕ್ಕೆ ಹತ್ತಿರ ಹತ್ತಿರದ ಸಂಗತಿಗಳು. ರಸ್ತೆ ಸರಾಗವಾಗಿರಬೇಕು, ಅಷ್ಟೆ.

ನಾಯಿಗಳ ಕಥೆ ಇನ್ನೂ ಹಳೆಯದು, ಇನ್ನೂ ಕಠಿಣವಾದದ್ದು. ಬೊಂಬಾಯಿಯಲ್ಲಿ ಬೇಸಿಗೆಯ ದಿನಗಳಲ್ಲಿ ಬೀದಿ ನಾಯಿಗಳನ್ನು ಕೊಲ್ಲಿಸುವ ನಿಯಮ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಇತ್ತು. ಕೊಂದವರಿಗೆ ತಲೆಗಿಷ್ಟು ಎಂದು ಇನಾಮು. ಇನಾಮಿನ ಆಸೆ ಇದ್ದ ಕಡೆ ಬೀದಿಯ ನಾಯಿ ಯಾವುದು, ಮನೆಯ ನಾಯಿ ಯಾವುದು ಎಂದು ನೋಡುವವರು ಯಾರು? ಅಂಗಳದೊಳಗಿನ ನಾಯಿಗಳ ಮೇಲೂ ಕೈ ಬಿತ್ತು. 1832ರ ಜೂನ್ ತಿಂಗಳಿನಲ್ಲಿ ಅಲ್ಲಿನ ಪಾರ್ಸಿಗಳು ಸಿಟ್ಟಿಗೆದ್ದರು. ಅವರ ಧರ್ಮದಲ್ಲಿ ನಾಯಿ ಪವಿತ್ರ. ಸತ್ತವರ ಮುಖವನ್ನು ಅದು ಕೊನೆಯ ಬಾರಿ ನೋಡಬೇಕೆಂಬ ವಿಧಿಯಿದೆ. ಅಂಗಡಿಗಳು ಮುಚ್ಚಿದವು, ಕೋಟೆಗೆ ಹೋಗುವ ಸಾಮಾನು ನಿಂತಿತು, ಕೊನೆಗೆ ಸೈನ್ಯವನ್ನು ಕರೆಸಬೇಕಾಯಿತು. ನಾಯಿಯ ಸಲುವಾಗಿ ನಗರವೊಂದು ಬಾಗಿಲು ಹಾಕಿಕೊಂಡ ಈ ಸಂಗತಿಯನ್ನು ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ನಾವು ಯಾರೂ ಓದಲಿಲ್ಲ.

ಆದರೆ ಕಚೇರಿಯ ಕಡೆಯ ಭಯವೂ ಸುಳ್ಳಲ್ಲ. ಹುಚ್ಚುನಾಯಿ ಕಡಿತಕ್ಕೆ ಆಗ ಔಷಧಿಯೇ ಇರಲಿಲ್ಲ. ಪಾಶ್ಚರ್ ಲಸಿಕೆ ಕೊಟ್ಟು ಮೊದಲ ಹುಡುಗನನ್ನು ಉಳಿಸಿದ್ದು 1885ರಲ್ಲಿ. ನಮ್ಮ ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆದದ್ದು 1907ರಲ್ಲಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಮಾತು ಕೇಳಿಯೇ ನಮ್ಮ ತಲೆಮಾರಿನ ಮಕ್ಕಳು ನಾಯಿ ಕಂಡರೆ ಓಡುತ್ತಿದ್ದೆವು. ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಿಂತು, ತೋಳಿಗೆ ಕೊಡುವ ಹೊಸದು ಬಂತು. ಆದರೆ ಒಂದು ಮಾತು ಅಂದಿಗೂ ಇಂದಿಗೂ ಬದಲಾಗಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಕಚ್ಚಿದ ಕೂಡಲೇ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ಗಾಯ ತೊಳೆಯಬೇಕು, ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತುತ್ತಾ ಕೂರುವ ಕಾಲ ಇದಲ್ಲ.

ಪ್ಲೇಗು ಬಂದ ಮೇಲೆ ನಗರದ ಮನಸ್ಸೇ ಬದಲಾಯಿತು ಎಂದು ನನಗನ್ನಿಸುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು, ಇಲಿ, ಕತ್ತಲು, ಕೊಚ್ಚೆ ಎಲ್ಲರ ಕಣ್ಣಿಗೂ ಬಿತ್ತು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಗಲ್ಲಿಗಳು ಬಂದವು. ಆರೋಗ್ಯವೆಂದರೆ ಗಾಳಿ, ಬೆಳಕು, ಚರಂಡಿ ಎಂಬ ತಿಳಿವಳಿಕೆ ಬಂದದ್ದು ಒಳ್ಳೆಯದೇ. ಆ ತಿಳಿವಳಿಕೆಯ ಜೊತೆಗೆ, ಹಿತ್ತಿಲ ಕೊಟ್ಟಿಗೆಯೂ ಕೊಚ್ಚೆಯ ಪಟ್ಟಿಗೆ ಸೇರುತ್ತಾ ಹೋಯಿತು. ನಮ್ಮ ಪುರಸಭೆಗಳ ಕಾಯಿದೆ 1964ರದು, ಮಹಾನಗರಪಾಲಿಕೆಗಳದು 1976ರದು. ಎರಡರಲ್ಲೂ ಪ್ರಾಣಿಗಳ ಮಾತು ಬರುವುದು ಬಹುಪಾಲು ಆರೋಗ್ಯ ಮತ್ತು ಉಪದ್ರವದ ಸಾಲಿನಲ್ಲಿ.

ಹಾಲಿನ ಲೆಕ್ಕವೂ ಬದಲಾಯಿತು. ಬೊಂಬಾಯಿಯ ತಬೇಲಗಳಲ್ಲಿದ್ದ ಎಮ್ಮೆಗಳನ್ನು ಊರಾಚೆ ಸಾಗಿಸಲೆಂದೇ 1949ರಲ್ಲಿ ಆರೇ ಹಾಲಿನ ಕಾಲೊನಿ ಹುಟ್ಟಿತು. ಬೆಂಗಳೂರಿನ ಡೈರಿ 1965ರಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘಗಳು ಎದ್ದವು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳ ಕೈಗೆ ಹಾಲಿನ ದುಡ್ಡು ಬಂತು, ಅದು ದೊಡ್ಡ ಮಾತು. ಪಟ್ಟಣದಲ್ಲಿ ಅದೇ ದುಡ್ಡನ್ನು ಕಳೆದುಕೊಂಡವರೂ ಹೆಣ್ಣುಮಕ್ಕಳೇ. ಅವರ ಲೆಕ್ಕ ಯಾರೂ ಇಡಲಿಲ್ಲ.

ನಮ್ಮ ಬೀದಿಯ ಮೂಲೆಮನೆ ಅತ್ತೆ ಅಂಥವರಲ್ಲಿ ಒಬ್ಬರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಎರಡು ಎಮ್ಮೆ, ಒಂದು ಹಸು ಕಟ್ಟಿಕೊಂಡು ಹತ್ತು ಹನ್ನೆರಡು ಮನೆಗೆ ವರ್ತನೆ ಹಾಲು ಹಾಕುತ್ತಿದ್ದರು. ಬೀದಿಯ ಎಲ್ಲ ಮನೆಯ ಕಲಗಚ್ಚೂ ಅವರ ಬಾನಿಗೇ ಹೋಗುತ್ತಿತ್ತು. ತರಕಾರಿ ಸಿಪ್ಪೆ, ಬಾಳೆಎಲೆ, ಹಳಸಿದ ಅನ್ನ ಯಾವುದೂ ಬೀದಿಗೆ ಬೀಳುತ್ತಿರಲಿಲ್ಲ. ಸಗಣಿ ಬೆರಣಿಯಾಗಿ ಹತ್ತಾರು ಮನೆಯ ಬಚ್ಚಲೊಲೆ ಉರಿಸುತ್ತಿತ್ತು. ಹಾಲಿನ ದುಡ್ಡಿನಲ್ಲಿ ಅವರ ಮಗ ಎಸ್ಸೆಸ್ಸೆಲ್ಸಿಯವರೆಗೆ ಬಂದಿದ್ದ.

ಒಂದು ದಿನ ಕಚೇರಿಯ ಜವಾನ ಕಾಗದವೊಂದನ್ನು ತಂದುಕೊಟ್ಟ. ಜನವಸತಿಯ ನಡುವೆ ಪರವಾನಗಿಯಿಲ್ಲದೆ ಜಾನುವಾರು ಕಟ್ಟಿ ಸಾರ್ವಜನಿಕ ಆರೋಗ್ಯಕ್ಕೆ ಬಾಧೆ ತಂದಿದ್ದೀರಿ, ಇಷ್ಟು ದಿನದೊಳಗೆ ತೆರವು ಮಾಡಿ ಎಂದು. ಅತ್ತೆ ಸೆರಗು ಹೊದ್ದು ಕಚೇರಿಗೆ ಹೋದರು. ಗುಮಾಸ್ತ, "ಲೈಸೆನ್ಸ್ ಎಲ್ಲಮ್ಮ?" ಎಂದನಂತೆ. "ಎಮ್ಮೆಗೆ ಯಾತರ ಲೈಸೆನ್ಸಪ್ಪಾ, ಅದೇನು ಬಸ್ಸೇ?" ಎಂದು ಇವರು ಕೇಳಿದರಂತೆ. ಕಚೇರಿಯೆಲ್ಲ ನಕ್ಕಿತು. ನಕ್ಕವರಲ್ಲಿ ಯಾರೂ ಅರ್ಜಿ ಬರೆದುಕೊಡಲಿಲ್ಲ, ಯಾವ ಟೇಬಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ.

ದೂರು ಕೊಟ್ಟವರು ಕೆಟ್ಟವರೇನೂ ಅಲ್ಲ. ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು. ಚರಂಡಿಗೆ ಗಂಜಲ ಹರಿದು ಸೊಳ್ಳೆ ಎದ್ದು ಅವರ ಕೂಸಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಆ ತಾಯಿಯ ಸಂಕಟವೂ ನಿಜ. ಇಬ್ಬರ ಸಂಕಟವನ್ನೂ ತೀರಿಸಲು ಬೇಕಾಗಿದ್ದದ್ದು ಒಂದು ಗುಂಡಿ, ನಾಲ್ಕು ಕಲ್ಲುಚಪ್ಪಡಿ, ಚರಂಡಿ ಸರಿಮಾಡಲು ಒಬ್ಬ ಮೇಸ್ತ್ರಿ. ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ತೆರವು ಮಾಡಿ ಎನ್ನುವುದಕ್ಕೆ ಮಾತ್ರ ಜಾಗವಿತ್ತು. ಎಮ್ಮೆಗಳನ್ನು ಸಂತೆಗೆ ಹೊಡೆದರು. ಅವಸರದ ಮಾರಾಟಕ್ಕೆ ಎಷ್ಟು ಬೆಲೆ ಬಂದೀತೆಂದು ನಿಮಗೇ ಗೊತ್ತು. ಹಸುವನ್ನು ತವರಿನ ಕಡೆಯವರಿಗೆ ಕೊಟ್ಟರು. ಅತ್ತೆ ಮುಂದೆ ನಾಲ್ಕು ಮನೆಯ ಅಡುಗೆ ಹಿಡಿದರು. ಮಗ ಓದು ಬಿಟ್ಟು ಅಂಗಡಿ ಸೇರಿದ. ನಮ್ಮ ಬೀದಿಯ ಸಿಪ್ಪೆ, ಎಲೆ, ಹಳಸಿದ ಅನ್ನ ತಿಪ್ಪೆಗೆ ಬೀಳತೊಡಗಿತು. ತಿಪ್ಪೆ ಇದ್ದಲ್ಲಿಗೆ ಹಂದಿ ಬಂತು, ನಾಯಿ ಬಂತು. ಮುಂದಿನ ವರ್ಷದ ದೂರು ಅವುಗಳ ಮೇಲೆ.

ಇಷ್ಟು ಹೊತ್ತಿಗೆ ದೆಹಲಿಯಲ್ಲಿ ಬೇರೊಂದು ಮಾತು ಶುರುವಾಗಿತ್ತು. ಅದನ್ನು ಶುರುಮಾಡಿದ್ದು ಒಬ್ಬ ಹೆಂಗಸು ಎಂಬುದು ನಮಗೆ ಸಂತೋಷದ ವಿಷಯ. ಭರತನಾಟ್ಯಕ್ಕೆ ಮರುಜೀವ ಕೊಟ್ಟ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಕಾಯಿದೆ ತರುವುದಾಗಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆದರು. 1960ರಲ್ಲಿ ಕಾಯಿದೆ ಬಂತು. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಪ್ರಾಣಿಯನ್ನು ಉಪದ್ರವವೆಂದಲ್ಲ, ನೋಯುವ ಜೀವವೆಂದು ನೋಡಿದ ಕಾಯಿದೆ ಅದು. ಹಾಗಿದ್ದೂ ಬೀದಿ ನಾಯಿಗಳನ್ನು ಕೊಲ್ಲುವ ಕೋಣೆಗಳಿಗೆ ಅದರೊಳಗೇ ಒಂದು ಕಿಂಡಿ ಬಿಟ್ಟಿದ್ದರು. ಯಾರದೂ ಅಲ್ಲದ ಜೀವದ ನೋವು ಸ್ವಲ್ಪ ಕಡಿಮೆ ಎಂದು ತೋರಿರಬೇಕು.

ಆ ಕಿಂಡಿಯನ್ನು ಮುಚ್ಚುವ ಕೆಲಸದಲ್ಲೂ ಒಬ್ಬ ಹೆಂಗಸಿನ ಪಾಲಿದೆ, ಅವರಿಗೆ ನಮ್ಮ ಬೆಂಗಳೂರಿನ ನಂಟಿದೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯಲ್ಲಿ 1949ರಲ್ಲಿ ಕಲಿತು ಹೊರಬಂದ ಉಷಾ ಸುಂದರಂ, ಅವರ ಪತಿ ಕ್ಯಾಪ್ಟನ್ ಸುಂದರಂ ಇಬ್ಬರೂ ವಿಮಾನ ಚಾಲಕರು. ಮದರಾಸಿನಲ್ಲಿ ನೆಲೆಸಿದ ಮೇಲೆ, ನೆರೆಯ ನೀರಿನಲ್ಲಿ ಸಿಕ್ಕಿದ್ದ ಮರಿಗಳನ್ನು ಮನೆಗೆ ತಂದು ಸಾಕಿದ್ದೇ ಮುಂದೆ 1964ರಲ್ಲಿ ಬ್ಲೂ ಕ್ರಾಸ್ ಸಂಸ್ಥೆಯಾಯಿತು. ಕೊಲ್ಲುವುದರಿಂದ ನಾಯಿಗಳು ಕಡಿಮೆಯಾಗುವುದಿಲ್ಲ ಎಂದು ಆ ಸಂಸ್ಥೆಯವರು ದಶಕಗಳ ಕಾಲ ಹೇಳುತ್ತಲೇ ಬಂದರು. ತಿಪ್ಪೆ ಹಾಗೆಯೇ ಉಳಿದು ನಾಯಿ ಮಾತ್ರ ಹೋದರೆ ಆ ಜಾಗಕ್ಕೆ ಪಕ್ಕದ ಬೀದಿಯದು ಬರುತ್ತದೆ, ಮರಿ ಹಾಕುತ್ತದೆ. ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚಿನ ಲಸಿಕೆ ಹಾಕಿ ಅದೇ ಬೀದಿಗೆ ಬಿಟ್ಟರೆ ಅದು ಹೊಸ ನಾಯಿಯನ್ನು ಒಳಗೆ ಬಿಡುವುದಿಲ್ಲ, ಸಂತತಿಯೂ ಬೆಳೆಯುವುದಿಲ್ಲ. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಮುರಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮದರಾಸಿನ ಪಾಲಿಕೆ 1996ರಲ್ಲಿ ಈ ದಾರಿ ಹಿಡಿಯಿತು. 2001ರಲ್ಲಿ ಇಡೀ ದೇಶಕ್ಕೆ ನಿಯಮವಾಯಿತು. ಕಿವಿಯ ತುದಿ ಸ್ವಲ್ಪ ಕತ್ತರಿಸಿದ ನಾಯಿ ನಿಮ್ಮ ಬೀದಿಯಲ್ಲಿದ್ದರೆ ಅದಕ್ಕೆ ಈ ಚಿಕಿತ್ಸೆ ಆಗಿದೆ ಎಂದು ಅರ್ಥ.

ಈಗ ನಗರದ ಬೀದಿ ಮಹಡಿಯ ಮೇಲೆ ಮಹಡಿಯಾಗಿ ನಿಂತಿದೆ. ಅಪಾರ್ಟ್‌ಮೆಂಟಿನ ಸಂಘದವರು ತಮ್ಮದೇ ಕಾನೂನು ಬರೆದುಕೊಳ್ಳುತ್ತಾರೆ: ನಾಯಿಗೆ ಲಿಫ್ಟಿಲ್ಲ, ಬೆಕ್ಕಿಗೆ ಪಾರ್ಕಿಲ್ಲ. ಎಲ್ಲ ಸದಸ್ಯರೂ ಒಪ್ಪಿದರೂ ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಬೆಂಗಳೂರು ಮಹಾನಗರಪಾಲಿಕೆ ಫ್ಲಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಎಂದು ಉಪನಿಯಮ ತಂದಾಗ ಗದ್ದಲವೆದ್ದು ಅದನ್ನು ತಡೆಹಿಡಿಯಬೇಕಾಯಿತು. 2023ರ ಹೊಸ ನಿಯಮಗಳಲ್ಲಿ ಒಂದು ಸಣ್ಣ ಪದ ಬದಲಾಯಿತು. ಬೀದಿ ನಾಯಿಯನ್ನು ಕಾನೂನು ಈಗ 'ಸಮುದಾಯದ ಪ್ರಾಣಿ' ಎಂದು ಕರೆಯುತ್ತದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರವಾಗಿ ಅನ್ನ ಹಾಕುವ ಜಾಗವನ್ನೂ ಹೊತ್ತನ್ನೂ ಗೊತ್ತುಮಾಡುವುದು ಅಲ್ಲಿನ ನಿವಾಸಿಗಳ ಸಂಘದ, ಸ್ಥಳೀಯ ಸಂಸ್ಥೆಯ ಹೊಣೆ. "ಯಾರದು?" ಎಂಬ ಹಳೆಯ ಪ್ರಶ್ನೆಗೆ "ನಮ್ಮೆಲ್ಲರದು" ಎಂಬ ಉತ್ತರ ಕಾಗದದ ಮೇಲಾದರೂ ಬಂತು.

ಉತ್ತರ ಬಂದ ಮಾತ್ರಕ್ಕೆ ಜಗಳ ಮುಗಿಯಲಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. 22ರಂದು ಹಿರಿಯ ಪೀಠ ಅದನ್ನು ತಿದ್ದಿ, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವವನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಿ, ಅನ್ನವನ್ನು ಗೊತ್ತಾದ ಜಾಗದಲ್ಲೇ ಹಾಕಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು. ಮಗುವಿಗೆ ಕಚ್ಚಿದ ನಾಯಿಯನ್ನು ನೋಡಿದ ತಾಯಿಗೆ ದಯೆಯ ಪಾಠ ಹೇಳುವ ಧೈರ್ಯ ನನಗಿಲ್ಲ. ಸಂಜೆ ಡಬ್ಬಿಯಲ್ಲಿ ಅನ್ನ ಕಲಸಿಕೊಂಡು ಹೋಗುವ ಹೆಣ್ಣುಮಗಳನ್ನು ಗೇಟಿನಲ್ಲಿ ನಿಲ್ಲಿಸಿ ಬೈಯುವುದನ್ನು ನೋಡಿಕೊಂಡು ಸುಮ್ಮನಿರುವುದೂ ನನ್ನಿಂದಾಗದು.

ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಹೋದ ವರ್ಷ ಇದೇ ವಿಷಯಕ್ಕೆ ಮೂರು ಗಂಟೆ ಜಗಳವಾಯಿತು. ಗಂಡಸರು ಕಾಯಿದೆಯ ನಂಬರು ಹೇಳುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ನಾಲ್ಕೈದು ಹೆಂಗಸರು ಬೇರೆ ಮಾತಾಡುತ್ತಿದ್ದರು: ಕಂದು ನಾಯಿಗೆ ಲಸಿಕೆ ಆಗಿದೆಯೇ, ಕಸದ ತೊಟ್ಟಿಗೆ ಮುಚ್ಚಳ ಹಾಕಿಸುವವರು ಯಾರು, ಮರಿ ಹಾಕಿದ ನಾಯಿ ಇರುವ ಕಡೆಗೆ ಮಕ್ಕಳು ಹೋಗದಂತೆ ಯಾರು ನೋಡಿಕೊಳ್ಳುತ್ತಾರೆ, ಪಶುವೈದ್ಯರ ಫೋನು ಯಾರ ಹತ್ತಿರ ಇದೆ. ನಿಜವಾದ ನಿಯಮಾವಳಿ ಅಲ್ಲಿ ತಯಾರಾಗುತ್ತಿತ್ತು. ಅದನ್ನು ಬರೆದುಕೊಳ್ಳುವವರಿರಲಿಲ್ಲ. ಕೊನೆಗೆ ಒಬ್ಬಾಕೆ ತರಕಾರಿ ಚೀಟಿಯ ಹಿಂಭಾಗದಲ್ಲಿ ಗೀಚಿಕೊಂಡು ಕಾರ್ಯದರ್ಶಿಗೆ ಕೊಟ್ಟರು. ತೊಟ್ಟಿಗೆ ಮುಚ್ಚಳ ಬಂದಿದೆ. ಐದು ನಾಯಿಗಳಲ್ಲಿ ನಾಲ್ಕಕ್ಕೆ ಲಸಿಕೆ ಆಗಿದೆ. ಐದನೆಯದು ಇನ್ನೂ ಕೈಗೆ ಸಿಕ್ಕಿಲ್ಲ. ಅದನ್ನು ಹಿಡಿಯುವ ಯೋಚನೆ ನಡೆದಿದೆ.